ಕಳ್ಳನ ಮನೆಗೆ ಕನ್ನ

‘ಕಳ್ಳನಿಂದ ಕದ್ದರೆ ಪಾಪವೇನು ಬಂತು? ಅದೂ ಕಥೆಯಲ್ಲಿ!’ ಎಂಬುದು ಮರ್ಫಿ ಟೌನಿನ ಮಿತ್ರರೊಬ್ಬರ ವಾದ. 2018 ಹಾಗೂ 2022ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳ ನಾಯಕ ರಾಕಿಯೇ ಅವರ ಸಾಕ್ಷಿ. ಗಣಿಯೊಡೆಯ ಗರುಡ ಜನರನ್ನು ಗುಲಾಮರಾಗಿ ದುಡಿಸಿದ ಕ್ರೂರಿ. ಅವನನ್ನು ಕೊಂದು ಗಣಿ ಕಸಿದದ್ದು ನ್ಯಾಯವೇ ಅಂತೆ.

ಗರುಡನ ಪರವಾಗಿ ವಕಾಲತ್ತು ವಹಿಸುವ ಇಚ್ಛೆ ನನಗಿಲ್ಲ. ಆದರೆ ಸೊತ್ತು ಯಾರದು, ಸ್ವಾಮಿ? ಕಳ್ಳನ ಕೈ ಸೇರಿದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮಾಲಾಗುವುದೆ?

ಶೂದ್ರಕನ ‘ಮೃಚ್ಛಕಟಿಕ’ವನ್ನು ನೋಡಿ. ಪ್ರೇಯಸಿ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಚಾರುದತ್ತ ಕಳ್ಳನಲ್ಲ, ಸಜ್ಜನ. ಆದರೂ ಪ್ರಶ್ನೆ ಇದೇ. ತಂದ ಒಡವೆ ತನ್ನ ಒಡತಿ ವಸಂತಸೇನೆಯದೆಂದು ಮದನಿಕೆ ಗುರುತಿಸಿ, ಆಕೆಗೇ ಒಪ್ಪಿಸುವಂತೆ ಮಾಡುತ್ತಾಳೆ. ಮರೆಯಲ್ಲಿ ಎಲ್ಲವನ್ನೂ ಕೇಳಿದ್ದ ವಸಂತಸೇನೆ ಮದನಿಕೆಯನ್ನು ಬಿಡುಗಡೆ ಮಾಡುತ್ತಾಳೆ. ಆ ಕನ್ನಗಳ್ಳನನ್ನು ನಾವು ಕ್ಷಮಿಸುವುದು ಒಡವೆ ಒಡತಿಯ ಕೈ ಸೇರಿದ ಮೇಲೆಯೇ.

ರಾಕಿ ಕೂಲಿಗಳಿಗೆ ಮನೆ ಕಟ್ಟಿಸುತ್ತಾನೆ, ನಿಜ. ಚಿನ್ನ? ತಾಯಿಗೆ ಕೊಟ್ಟ ಮಾತಿನ ಹೆಸರಿನಲ್ಲಿ ರಾಶಿ ಬಿದ್ದು, ಕಡೆಗೆ ಅವನೊಡನೆ ಸಮುದ್ರದ ಪಾಲಾಗುತ್ತದೆ. ಅಗೆದವರ ಪಾಲೆಷ್ಟೆಂಬ ಲೆಕ್ಕವಿಲ್ಲ. ನಾವೋ, ಚಪ್ಪಾಳೆ ತಟ್ಟಿ ಎದ್ದುಬರುತ್ತೇವೆ! ಕೋಲಾರದ ನಿಜವಾದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿ ತಲೆಮಾರುಗಟ್ಟಲೆ ಅಗೆದವರ ಮಕ್ಕಳು ಇಂದು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಆ ಬಂಡಿಯಲ್ಲಿ ನಿಂತು ಬರುವವರಿಗೆ, ತೆರೆಯ ಮೇಲೆ ಮುಳುಗಿದ ಚಿನ್ನ ಹೇಗೆ ಕಂಡಿದ್ದೀತು?