‘ಅವರೆಲ್ಲ ಒಂದೇ’ ಎಂಬ ಸುಳ್ಳು

ಕುದೂರಿನಲ್ಲಿ ಜುಮಾ ನಮಾಝ್ ಮುಗಿಸಿ ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ, ಮಳೆ, ರಾಗಿ, ರೇಷ್ಮೆಗೂಡಿನ ದರದ ಮಾತು ಎರಡು ಗುಟುಕಿಗೆ ಮುಗಿಯುತ್ತದೆ. ಆಮೇಲೆ ಅಮೆರಿಕ ಶುರುವಾಗುತ್ತದೆ. 2025ರ ನವೆಂಬರಿನಲ್ಲಿ ಝೊಹ್ರಾನ್ ಮಮ್ದಾನಿ ನ್ಯೂಯಾರ್ಕಿನ ಮೇಯರ್ ಚುನಾವಣೆ ಗೆದ್ದಾಗ “ದೇಶ ಅಂದ್ರೆ ಅದು ಭಾಯ್!” ಎಂದವರೇ, ಗಾಝಾದ ಮಕ್ಕಳ ಹೆಣಗಳ ಚಿತ್ರ ಮೊಬೈಲಿಗೆ ಬಂದಾಗ “ಅಮೆರಿಕದೋರೆಲ್ಲ ಒಂದೇ, ನಮ್ಮ ದುಶ್ಮನ್‌ಗಳು” ಎನ್ನುತ್ತಾರೆ. ಪಕ್ಕದ ಬೆಂಚಿನ ಕಥೆಯೂ ಬೇರೆಯಲ್ಲ. 2017ರಲ್ಲಿ ಟ್ರಂಪ್ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರಿಗೆ ಬಾಗಿಲು ಮುಚ್ಚಿದಾಗ “ಲೀಡ್ರು ಅಂದ್ರೆ ಹಿಂಗಿರಬೇಕು” ಎಂದು ಮೆಚ್ಚಿದವರು, 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಿದ್ದೊಡನೆ ಅದೇ ಲೀಡರನ್ನು ಬೈದರು. ಬೆಂಚುಗಳು ಎರಡು, ರೋಗ ಒಂದೇ.

ನಾವು ಕೇಳುವುದಿಷ್ಟೆ: ಎಲ್ಲೋ ಒಬ್ಬ ಮುಸಲ್ಮಾನ ಬಾಂಬಿಟ್ಟರೆ “ಅವರೆಲ್ಲ ಹಾಗೇ” ಎಂಬ ಮಾತು ನಮ್ಮನ್ನು ಇರಿಯುವುದಿಲ್ಲವೇ? ಹಾಗಿದ್ದರೆ ಮೂವತ್ತು ಕೋಟಿಗೂ ಹೆಚ್ಚು ಜನರನ್ನು ಒಂದೇ ಮೂಟೆಯಲ್ಲಿ ಕಟ್ಟಿ ಒಮ್ಮೆ ಸ್ವರ್ಗ, ಒಮ್ಮೆ ಸೈತಾನ ಎಂದು ಕರೆಯುವ ಹಕ್ಕು ನಮಗೆ ಕೊಟ್ಟವರು ಯಾರು?

ಅಮೆರಿಕದ ಚರಿತ್ರೆ ತಿಳಿಯಲು ದೂರ ಹೋಗಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬಂಡೆಯನ್ನೇ ಕೇಳಬಹುದು. 1791ರ ಡಿಸೆಂಬರಿನಲ್ಲಿ ಆ ಕೋಟೆಯನ್ನು ಟಿಪ್ಪುವಿನ ಸೈನಿಕರಿಂದ ಕಿತ್ತುಕೊಂಡದ್ದು ಲಾರ್ಡ್ ಕಾರ್ನ್‌ವಾಲಿಸನ ಸೇನೆ. ಇದೇ ಕಾರ್ನ್‌ವಾಲಿಸನ ಸೇನೆ ಹತ್ತು ವರ್ಷದ ಹಿಂದೆ, 1781ರ ಅಕ್ಟೋಬರಿನಲ್ಲಿ, ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಮುಂದೆ ಶಸ್ತ್ರ ಕೆಳಗಿಟ್ಟಿತ್ತು. ಅಮೆರಿಕದಲ್ಲಿ ಸೋತವನು ಇಲ್ಲಿ ಗೆದ್ದ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ. ಇನ್ನೊಂದು ಸಂಗತಿ ಕೇಳಿ. 1782ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಸಜ್ಜುಗೊಳಿಸಿದ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ನಮ್ಮ ಹೈದರನ ಹೆಸರೇ ಅದು. ಏಪ್ರಿಲ್ 8ರಂದು ಆ ಹಡಗು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಇಸ್ಲಾಮಿಗೂ ಪಶ್ಚಿಮಕ್ಕೂ ಹುಟ್ಟುಹಗೆ ಎಂದು ಎರಡೂ ಬೆಂಚಿನಲ್ಲಿ ಭಾಷಣ ಮಾಡುವವರು ಈ ಹಡಗನ್ನು ಎಲ್ಲಿ ಬಚ್ಚಿಡುತ್ತಾರೆ? ಅಂದು ಜಗಳ ಧರ್ಮಗಳದ್ದಾಗಿರಲಿಲ್ಲ, ಸಾಮ್ರಾಜ್ಯದ್ದಾಗಿತ್ತು.

ಹಾಗೆಂದು ಆ ಅಮೆರಿಕಕ್ಕೆ ಹಾರ ಹಾಕಬೇಕೇ? ಹಡಗಿಗೆ ಹೈದರನ ಹೆಸರಿಟ್ಟ ನಾಡೇ, ಒಮರ್ ಇಬ್ನ್ ಸಈದ್ ಎಂಬ ಪಶ್ಚಿಮ ಆಫ್ರಿಕದ ವಿದ್ವಾಂಸನನ್ನು 1807ರಲ್ಲಿ ಗುಲಾಮನಾಗಿ ಕೊಂಡಿತು. ಆತ 1831ರಲ್ಲಿ ತನ್ನ ಬದುಕಿನ ಕಥೆಯನ್ನು ಅರಬ್ಬಿಯಲ್ಲಿ ಬರೆದ, ಗುಲಾಮನಾಗಿಯೇ ಸತ್ತ. ಮಮ್ದಾನಿಯನ್ನು ಗೆಲ್ಲಿಸಿದ ನ್ಯೂಯಾರ್ಕಿನ ಪೊಲೀಸರೇ 2001ರ ನಂತರ ಮಸೀದಿಗಳೊಳಗೆ ಗೂಢಚಾರರನ್ನು ಬಿಟ್ಟಿದ್ದರು. ಅದೇ ನಗರದ ಬೀದಿಗಳಲ್ಲಿ 2003ರ ಫೆಬ್ರವರಿ 15ರಂದು ಲಕ್ಷಾಂತರ ಜನ ಇರಾಕ್ ಯುದ್ಧ ಬೇಡವೆಂದು ಕೂಗಿದರು. ಮರು ತಿಂಗಳು ರಫಾದಲ್ಲಿ ಫೆಲೆಸ್ತೀನಿ ಮನೆಯೊಂದನ್ನು ಉಳಿಸಲು ಅಡ್ಡನಿಂತು ಇಸ್ರೇಲಿನ ಬುಲ್ಡೋಜರಿಗೆ ಸಿಕ್ಕು ಸತ್ತ 23 ವರ್ಷದ ರೇಚಲ್ ಕೋರಿ ಅಮೆರಿಕದ ಹುಡುಗಿ. ಅವಳೂ ನಮ್ಮ ದುಶ್ಮನ್ನೇ?

ಸಿನಿಮಾದ ವಿಷಯಕ್ಕೆ ಬರೋಣ. ಹಾಲಿವುಡ್ಡಿನ ಕೌಬಾಯ್ ಚಿತ್ರಗಳಲ್ಲಿ ‘ರೆಡ್ ಇಂಡಿಯನ್’ ಎಂದರೆ ಕೂಗುತ್ತ ಬಂದು ಗುಂಡಿಗೆ ಬೀಳುವವರು. ನೆಲ ಅವರದು, ಚಪ್ಪಾಳೆ ಮಾತ್ರ ಕೊಂದವರಿಗೆ. ನಾವೂ ತಟ್ಟಿದೆವು. ಗಡ್ಡ, ಟೋಪಿ ಕಂಡೊಡನೆ ಭಯೋತ್ಪಾದಕ ಎಂದು ತೋರಿಸುವ ಚಿತ್ರಗಳು ಬಂದ ಮೇಲಷ್ಟೇ ಆ ಚಪ್ಪಾಳೆಯ ಬೆಲೆ ನಮಗೆ ತಿಳಿಯಿತು. ಆದರೆ ಅದೇ ಕೌಬಾಯ್ ಚಿತ್ರಗಳ ದಾರಿ ಹಿಡಿದು, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ (1975) ಒಂದು ಬೇರೆ ಕೆಲಸ ಮಾಡಿತು. ಸಲೀಂ-ಜಾವೇದ್ ಕುದುರೆ, ಬಂದೂಕುಗಳನ್ನು ಅಲ್ಲಿಂದ ತಂದರೂ ಊರ ನಡುವೆ ಒಬ್ಬ ಇಮಾಮ್ ಸಾಹೇಬರನ್ನು ಇಟ್ಟರು. ಮಗನ ಹೆಣದ ಮುಂದೆ ನಿಂತು ಊರಿಗೆಲ್ಲ ಧೈರ್ಯ ತುಂಬಿದವರು ಕಣ್ಣು ಕಾಣದ ಆ ಹಿರಿಯರೇ. ಎರವಲು ತಂದ ಕಥೆಯಲ್ಲೂ ಮನುಷ್ಯರನ್ನು ಮನುಷ್ಯರಾಗಿ ನೋಡಲು ಸಾಧ್ಯ. ಬೇಕಾದದ್ದು ಮನಸ್ಸು.

“ಬಾಂಬು ಹಾಕುವವರು ಇಷ್ಟೆಲ್ಲ ವಿಂಗಡಿಸಿ ನೋಡುತ್ತಾರೆಯೇ?” ಎಂದು ನಮ್ಮ ಹುಡುಗರು ಕೇಳುತ್ತಾರೆ. ಇಲ್ಲ, ನೋಡುವುದಿಲ್ಲ. ಅವರ ಅಪರಾಧವೇ ಅದು. ಅದನ್ನೇ ನಾವು ಕಲಿಯಬೇಕೆ? ‘ಅಮೆರಿಕ’ ಎಂದು ಬೈದರೆ ಯಾರಿಗೂ ತಾಗುವುದಿಲ್ಲ. ಯಾವ ಅಧ್ಯಕ್ಷ ಆಜ್ಞೆ ಕೊಟ್ಟ, ಯಾವ ಕಂಪೆನಿ ಲಾಭ ಮಾಡಿತು, ಯಾರು ಕೈಯೆತ್ತಿ ಮತ ಹಾಕಿದರು ಎಂದು ಹೆಸರಿಡಿದು ಕೇಳಿದರೆ ತಾಗುತ್ತದೆ. ವಿಂಗಡಿಸುವುದು ಮೆತ್ತಗಾಗುವುದಲ್ಲ.

ನಂಬಿಕೆಯಿಲ್ಲದಿದ್ದರೆ, ನೀವು ಮೊಬೈಲಿನಲ್ಲಿ ಚಿತ್ರವಾಗಿ ಇಟ್ಟುಕೊಂಡಿರುವ ಮಾಲ್ಕಂ ಎಕ್ಸ್ ಅವರನ್ನೇ ಓದಿ. ಬಿಳಿಯರೆಲ್ಲ ಸೈತಾನರು ಎಂದು ವರ್ಷಗಟ್ಟಲೆ ಬೋಧಿಸಿದ ಮನುಷ್ಯ ಅವರು. 1964ರಲ್ಲಿ ಹಜ್‌ಗೆ ಹೋಗಿ ಬಿಳಿಯ ಹಾಜಿಗಳ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಮೇಲೆ ಆ ‘ಎಲ್ಲ’ ಎಂಬ ಮಾತನ್ನು ಬಿಟ್ಟರು. ಅಮೆರಿಕದ ವರ್ಣದ್ವೇಷವನ್ನು ಖಂಡಿಸುವುದನ್ನು ಮಾತ್ರ 1965ರ ಫೆಬ್ರವರಿಯಲ್ಲಿ ಕೊಲೆಯಾಗುವವರೆಗೂ ಬಿಡಲಿಲ್ಲ.

ಇದು ಅಮೆರಿಕದ ಮಾತಷ್ಟೇ ಅಲ್ಲ. 2022ರಲ್ಲಿ ಕರಾವಳಿಯ ಜಾತ್ರೆಗಳಿಂದ ಬಳೆ, ಬಲೂನು ಮಾರುವ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಟ್ಟಿದ್ದು ಇದೇ ಎರಡಕ್ಷರ: ‘ಎಲ್ಲ’. ‘ಸಾಬರೆಲ್ಲ’ ಎಂಬ ಮಾತು ನಿಲ್ಲಬೇಕೆಂದು ಬಯಸುವ ನಮ್ಮ ಬಾಯಲ್ಲಿ ‘ಗೌಡರೆಲ್ಲ’, ‘ಹಿಂದೂಗಳೆಲ್ಲ’, ‘ಅಮೆರಿಕದೋರೆಲ್ಲ’ ಎಂಬ ಮಾತು ಇರಕೂಡದು. ಮುಂದಿನ ಶುಕ್ರವಾರ ಆ ಬೆಂಚಿನ ಮೇಲೆ ಯಾರಾದರೂ “ಅವರೆಲ್ಲ ಒಂದೇ” ಎಂದರೆ, ಗ್ಲಾಸು ಕೆಳಗಿಟ್ಟು ಕೇಳೋಣ: “ಅವರು ಅಂದ್ರೆ ಯಾರು ಭಾಯ್? ಹೆಸರು ಹೇಳಿ.”