ಹೆದ್ದಾರಿ ದೂರವಾದ ಊರುಗಳಿಗೆ ಜಾಲತಾಣವೇ ಹೆಬ್ಬಾಗಿಲು

ವ್ಯಾಪಾರಕ್ಕೆ ಅಂಗಡಿಗಿಂತ ಮೊದಲು ದಾರಿ ಬೇಕು ಎಂಬುದು ಬೆಂಗಳೂರು–ಮೈಸೂರು ರಸ್ತೆಯ ಇಕ್ಕೆಲದ ವರ್ತಕರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಮದ್ದೂರಿನ ವಡೆ ರೈಲು ನಿಲ್ದಾಣದಲ್ಲಿ ಹೆಸರು ಮಾಡಿ, ಅನಂತರ ರಸ್ತೆ ಬದಿಯ ಹೋಟೆಲುಗಳಲ್ಲಿ ಬೆಳೆಯಿತು. ಪ್ರಯಾಣಿಕರು ಹೇಗೂ ಬರುತ್ತಾರೆ, ಫಲಕ ಕಂಡರೆ ನಿಲ್ಲುತ್ತಾರೆ ಎಂಬ ನಂಬಿಕೆಯ ಮೇಲೆ ಹಲವು ತಲೆಮಾರುಗಳ ವಹಿವಾಟು ನಡೆಯಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ 118 ಕಿಲೋಮೀಟರ್ ಉದ್ದದ ಹೆದ್ದಾರಿ ಈ ನಂಬಿಕೆಯನ್ನು ಸಡಿಲಿಸಿತು. ಊರೊಳಗೆ ಇಳಿಯದೆಯೇ ಮುಂದೆ ಸಾಗುವ ವಾಹನದವರಿಗೆ ಅಂಗಡಿಯ ಫಲಕ ಕಾಣುವುದಿಲ್ಲ. ಮದ್ದೂರಿನ ಹೋಟೆಲಿನವರಿಂದ ಚನ್ನಪಟ್ಟಣದ ಬೊಂಬೆ ವರ್ತಕರವರೆಗೆ ಎಲ್ಲರೂ ತೋಡಿಕೊಂಡ ಅಳಲು ಇದೇ ಆಗಿದೆ.

ಇನ್ನು ಹೆದ್ದಾರಿಯನ್ನು ಎಂದೂ ಕಾಣದಿದ್ದ ಒಳನಾಡಿನ ಊರುಗಳ ಮಾತೇನು? ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಕಥೆಗಾರರೂ ವೈದ್ಯರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರಿಂದಾಗಿ ಈ ಹೆಸರು ಕನ್ನಡದ ಓದುಗರಿಗೆ ಚಿರಪರಿಚಿತ. ಆದರೆ ರಜೆಯ ದಿನ ಕುಟುಂಬ ಸಮೇತ ಹೊರಡುವ ಬೆಂಗಳೂರಿನ ಗೃಹಸ್ಥರಿಗೆ ಈ ಊರು ಎಲ್ಲಿದೆ, ಅಲ್ಲಿ ನೋಡುವುದೇನು, ಕೊಳ್ಳುವುದೇನು ಎಂಬುದು ತಿಳಿಯದು. ಒಂದರ್ಥದಲ್ಲಿ ಹೊಸ ಹೆದ್ದಾರಿಯು ಮದ್ದೂರನ್ನೂ ಬೆಸಗರಹಳ್ಳಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಎರಡೂ ಕಡೆಯ ಗ್ರಾಹಕರು ಇಂದು ದಾರಿಯಲ್ಲಿ ಸಿಗುವವರಲ್ಲ. ಮನೆಯಿಂದ ಹೊರಡುವ ಮೊದಲೇ ಮೊಬೈಲ್ ಪರದೆಯ ಮೇಲೆ ನಿರ್ಧಾರ ಮಾಡಿದವರು. ಆ ಪರದೆಯಲ್ಲಿ ಕಾಣದ ಊರಿನಲ್ಲಿ ಅವರು ಇಳಿಯುವುದಿಲ್ಲ.

ಹೊಗಳಿಕೆಯಲ್ಲ, ಉತ್ತರ ಬೇಕು

ಪ್ರವಾಸಿ ಜಾಲತಾಣವೆಂದರೆ ವರ್ಣಮಯ ಚಿತ್ರಗಳ ಮೆರವಣಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತೆರೆದೊಡನೆ ಸಂಗೀತ, ಚಲಿಸುವ ಅಕ್ಷರಗಳು, ‘ನಿಸರ್ಗದ ಮಡಿಲು’ ಎಂಬಂತಹ ಸವೆದ ಮಾತುಗಳು. ಎಷ್ಟು ಹುಡುಕಿದರೂ ದೂರವಾಣಿ ಸಂಖ್ಯೆ ಮಾತ್ರ ಸಿಗದು. ಗ್ರಾಹಕರು ಕೇಳುವ ಪ್ರಶ್ನೆಗಳಾದರೋ ತೀರ ಸರಳ: ಹೇಗೆ ಬರಬೇಕು? ಇಂದು ತೆರೆದಿದೆಯೇ? ಒಟ್ಟು ಖರ್ಚೆಷ್ಟು? ಊಟ, ಶೌಚಾಲಯ, ವಾಹನ ನಿಲುಗಡೆಯ ವ್ಯವಸ್ಥೆ ಉಂಟೇ?

ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟವರೇ ಗೆದ್ದಿದ್ದಾರೆ ಎಂಬುದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. 2002ರಲ್ಲಿ ಆರಂಭವಾದ ರೈಲ್ವೆಯ ಅಂತರಜಾಲ ಟಿಕೆಟ್ ಸೇವೆಗೆ ಜನ ಮುಗಿಬಿದ್ದದ್ದು ಅದರ ಅಂದಕ್ಕೆ ಮರುಳಾಗಿ ಅಲ್ಲ. ರೈಲು ಯಾವುದು, ಸಮಯವೆಷ್ಟು, ದರವೆಷ್ಟು, ಆಸನ ಉಂಟೋ ಇಲ್ಲವೋ ಎಂಬುದನ್ನು ಅದು ಮನೆಯಲ್ಲಿಯೇ ತಿಳಿಸಿತು. 2006ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್‌ಬಸ್ ಸಂಸ್ಥೆಯು, ಹಬ್ಬಕ್ಕೆ ಊರಿಗೆ ಹೋಗಲು ಬಸ್ಸಿನ ಟಿಕೆಟ್ ಸಿಗದೆ ಪರದಾಡಿದ ಯುವಕರೊಬ್ಬರ ಅನುಭವದಿಂದ ಆರಂಭವಾದದ್ದು. ಎಲ್ಲ ಬಸ್ಸುಗಳು ಮತ್ತು ಉಳಿದ ಆಸನಗಳು ಒಂದೆಡೆ ಕಂಡದ್ದೇ ಅದರ ಬಂಡವಾಳವಾಯಿತು.

ಋತುಮಾನದ ಸತ್ಯ

ಮದ್ದೂರು–ಮಳವಳ್ಳಿ ಸೀಮೆಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಇಲ್ಲಿನ ಆಕರ್ಷಣೆಗಳಲ್ಲಿ ಬಹುಪಾಲು ಕಾಲವನ್ನು ಅವಲಂಬಿಸಿದವು. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಹಕ್ಕಿಗಳು ನೆಲಸುವುದು ಚಳಿಗಾಲದಿಂದ ಬೇಸಿಗೆಯವರೆಗೆ ಮಾತ್ರ. ಇತ್ತ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತ ಭೋರ್ಗರೆಯುವುದು ಮಳೆಗಾಲದಲ್ಲಿ, ಕಾವೇರಿ ತುಂಬಿ ಹರಿದಾಗ. ಕಡು ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆಗಳೇ. ಹಕ್ಕಿಯ ಕಾಲ ನೀರಿನ ಕಾಲವಲ್ಲ, ನೀರಿನ ಕಾಲ ಹಕ್ಕಿಯ ಕಾಲವಲ್ಲ. ಎರಡರ ಅತ್ಯುತ್ತಮ ಚಿತ್ರಗಳನ್ನು ಒಂದೇ ಪುಟದಲ್ಲಿ ಅಂಟಿಸಿ ‘ಒಂದೇ ದಿನದ ಪ್ರವಾಸ’ವೆಂದು ಸಾರುವ ಜಾಲತಾಣವು ಗ್ರಾಹಕರನ್ನು ಅರ್ಧಕ್ಕರ್ಧ ವಂಚಿಸಿದಂತೆಯೇ ಸರಿ. ಹಾಗೆ ಬಂದು ಖಾಲಿ ಮರ ನೋಡಿ ಹೋದವರು ಮತ್ತೆ ಬಾರರು, ಬರುವವರನ್ನೂ ತಡೆಯುವರು.

ಸ್ಥಳನಿರ್ದೇಶನದ ತೊಡಕೂ ಕಡಿಮೆಯದಲ್ಲ. ಗಗನಚುಕ್ಕಿ, ಭರಚುಕ್ಕಿಗಳೆರಡನ್ನೂ ಸೇರಿಸಿ ಶಿವನಸಮುದ್ರವೆಂದು ಕರೆಯುವುದು ರೂಢಿ. ಆದರೆ ಗಗನಚುಕ್ಕಿಯ ವೀಕ್ಷಣಾ ಸ್ಥಳ ಮಂಡ್ಯ ಜಿಲ್ಲೆಯದು, ಭರಚುಕ್ಕಿ ಚಾಮರಾಜನಗರ ಜಿಲ್ಲೆಯದು; ಒಂದರಿಂದ ಇನ್ನೊಂದಕ್ಕೆ ಹೊಳೆ ದಾಟಿ ಸುತ್ತಿ ಬರಬೇಕು. ಬೆಳ್ಳೂರು ಎಂದು ಹುಡುಕಿದವರು ನಾಗಮಂಗಲದ ಬೆಳ್ಳೂರಿಗೆ ಹೋದಾರು. ಶಿವಪುರ ಎಂಬ ಹೆಸರಿನ ಊರುಗಳಂತೂ ನಾಡಿನಲ್ಲಿ ಹಲವು. 1938ರ ಧ್ವಜ ಸತ್ಯಾಗ್ರಹದ ಶಿವಪುರ ಮದ್ದೂರಿನದೇ ಎಂದು ನಕ್ಷೆಯ ಗುರುತಿನ ಸಮೇತ ತಿಳಿಸಬೇಕು. ಮುತ್ತತ್ತಿಯ ಹೊಳೆಯಲ್ಲಿ ಸುಳಿಗಳಿವೆ, ಈಜುವುದು ಅಪಾಯ ಎಂಬ ಎಚ್ಚರಿಕೆಯನ್ನು ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಡಗಿಸದೆ ಮೇಲೆಯೇ ಮುದ್ರಿಸಬೇಕು. ಇದರಿಂದ ಪ್ರವಾಸಿಗರು ಹಿಂಜರಿಯುವುದಿಲ್ಲ. ಹೇಳಿದವರ ಮೇಲೆ ವಿಶ್ವಾಸ ತಾಳುತ್ತಾರೆ.

ಭಾಷೆ, ಬೆಲೆ, ಕಾನೂನು

ಕನ್ನಡದ ಪುಟ ಅವಶ್ಯಕ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕರಪತ್ರವನ್ನು ಹಾಗೆಯೇ ಏರಿಸಿದರೆ, ಅಥವಾ ಬರಹವನ್ನು ಚಿತ್ರವನ್ನಾಗಿ ಹಾಕಿದರೆ, ಹುಡುಕುವವರ ಕಣ್ಣಿಗೆ ಅದು ಬೀಳುವುದು ಕಷ್ಟ. ಊರಿನ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬಳಕೆಯಲ್ಲಿರುವ ಎಲ್ಲ ಕಾಗುಣಿತಗಳಲ್ಲಿ ಕೊಡುವುದು ಲೇಸು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿಯೂ ಕಡಿಮೆ ಬೆಲೆಯ ಮೊಬೈಲಿನಲ್ಲಿ ಬೇಗ ತೆರೆಯುವಷ್ಟು ಪುಟ ಹಗುರಾಗಿರಬೇಕು.

ಬೆಲೆಯ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ಅಂತರಜಾಲದಲ್ಲಿ ಸರಕು ಅಥವಾ ಸೇವೆ ಮಾರುವವರಿಗೆ 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಅನ್ವಯಿಸುತ್ತವೆ. ವ್ಯವಹಾರದ ಹೆಸರು, ವಿಳಾಸ, ತೆರಿಗೆ ಹಾಗೂ ಇತರ ಶುಲ್ಕಗಳನ್ನೊಳಗೊಂಡ ಒಟ್ಟು ಬೆಲೆ, ಕುಂದುಕೊರತೆ ಆಲಿಸುವವರ ವಿವರ ಇವುಗಳನ್ನು ಪ್ರಕಟಿಸಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರ್‌ನಲ್ಲಿ ಹೊರಬಂದ ಮಾರ್ಗಸೂಚಿಯು 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ‘ಇನ್ನೊಂದೇ ಕೋಣೆ ಉಳಿದಿದೆ’ ಎಂಬ ಸುಳ್ಳು ಆತುರ, ಕೊನೆಯ ಹಂತದಲ್ಲಿ ಹೊರಬರುವ ಗುಪ್ತ ಶುಲ್ಕ ಇವೆಲ್ಲ ಅದರಲ್ಲಿ ಸೇರಿವೆ. ಚಿಕ್ಕ ವ್ಯಾಪಾರಿಗಳಿಗೆ ಇದು ಹೊರೆಯೆಂದು ತೋರಬಹುದು. ಆದರೆ ಗಿರಾಕಿಯ ಎದುರಿಗೇ ತೂಗಿ, ಬಾಯಿಬಿಟ್ಟು ಬೆಲೆ ಹೇಳಿದ ವರ್ತಕರಿಗೆ ಇದು ಹೊಸ ಧರ್ಮವೇನಲ್ಲ.

ಒಬ್ಬೊಬ್ಬರಿಗೊಂದಲ್ಲ, ಎಲ್ಲರಿಗೂ ಒಂದು

ಹಾಗಾದರೆ ಪ್ರತಿಯೊಬ್ಬ ವರ್ತಕನೂ ಜಾಲತಾಣ ಕಟ್ಟಿಸಬೇಕೆ? ಬೇಕಿಲ್ಲ. ಒಂದೇ ಹೋಟೆಲು ಅಥವಾ ಒಂದೇ ಆಲೆಮನೆಗಾಗಿ ಯಾರೂ ನೂರು ಕಿಲೋಮೀಟರ್ ಬರುವುದಿಲ್ಲ. ಒಂದು ದಿನವನ್ನು ಸಾರ್ಥಕವಾಗಿ ಕಳೆಯಲು ಬರುತ್ತಾರೆ. ಆ ದಿನವನ್ನು ಜೋಡಿಸಿ ಕೊಡುವ ಕೆಲಸ ಒಬ್ಬರಿಂದಾಗದು. ಮಂಡ್ಯ ಜಿಲ್ಲೆಗೆ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಡಿ ಬೆಲ್ಲವೇ ಆಯ್ಕೆಯಾಗಿದೆ. ಬೆಳಗ್ಗೆ ಕೊಕ್ಕರೆಬೆಳ್ಳೂರು, ಮಧ್ಯಾಹ್ನ ಮದ್ದೂರಿನಲ್ಲಿ ಊಟ, ಇಳಿಹೊತ್ತಿಗೆ ಬೆಸಗರಹಳ್ಳಿಯಂತಹ ಒಳನಾಡಿನ ಕಡೆ ಕಬ್ಬಿನ ಗದ್ದೆ ಮತ್ತು ಆಲೆಮನೆ, ಮರಳುವಾಗ ಕೈಯಲ್ಲಿ ಬೆಲ್ಲದ ಅಚ್ಚು: ಇಂತಹ ಸರಣಿಯಲ್ಲಿ ಮಾತ್ರ ಒಳಗಿನ ಊರಿಗೂ ಪಾಲು ಸಿಗುತ್ತದೆ. ಆಲೆಮನೆಯಲ್ಲಿ ಆ ದಿನ ಕೊಪ್ಪರಿಗೆ ಏರಿದೆಯೇ ಎಂದು ಕೇಳಿಕೊಳ್ಳಲು ಒಂದು ಸಂಖ್ಯೆ, ಕುದಿಯುವ ಪಾಕದ ಬಳಿ ಮಕ್ಕಳನ್ನು ಬಿಡಬಾರದೆಂಬ ಒಂದು ಸಾಲು ಇದ್ದರೆ ಸಾಕು.

ನಕ್ಷೆಯಲ್ಲಿ ಅಂಗಡಿಯ ಹೆಸರು ಉಚಿತವಾಗಿ ಸೇರಿಸಬಹುದು, ಸಾಮಾಜಿಕ ಜಾಲದಲ್ಲಿ ಪುಟ ತೆರೆಯಬಹುದು, ಮತ್ತೇಕೆ ಜಾಲತಾಣ ಎಂಬ ಆಕ್ಷೇಪ ಸಹಜ. ಅವೆರಡನ್ನೂ ಮೊದಲು ಮಾಡತಕ್ಕದ್ದೇ. ಆದರೆ ಅವು ಬಾಡಿಗೆಯ ಜಗಲಿ. ನಿಯಮ ಬದಲಿಸುವ ಅಧಿಕಾರ ಮಾಲೀಕರದು. ಮಧ್ಯವರ್ತಿ ಸಂಸ್ಥೆಗಳ ಮೂಲಕ ಕೋಣೆ ಕಾಯ್ದಿರಿಸಿದರೆ ದಲ್ಲಾಳಿ ಸಲ್ಲಬೇಕು, ಗ್ರಾಹಕರ ಪರಿಚಯವೂ ಅವರಲ್ಲೇ ಉಳಿಯುತ್ತದೆ. ಸ್ವಂತ ತಾಣವೊಂದಿದ್ದರೆ ಮಾತ್ರ ಗ್ರಾಹಕರು ನೇರವಾಗಿ ಕೈಗೆ ಸಿಗುತ್ತಾರೆ.

ಜಾಲತಾಣ ಕಟ್ಟುವುದು ಸುಲಭ, ಕಾಯುವುದು ಕಷ್ಟ. ಉದ್ಘಾಟನೆಯ ದಿನದ ಉತ್ಸಾಹ ಆರು ತಿಂಗಳಲ್ಲಿ ಆರಿ, ಹಳೆಯ ದರ, ಕೆಟ್ಟುಹೋದ ದೂರವಾಣಿ ಸಂಖ್ಯೆಗಳೊಂದಿಗೆ ಹಾಳುಬಿದ್ದ ತಾಣಗಳು ಎಷ್ಟೋ ಇವೆ. ಆದುದರಿಂದ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ವರ್ತಕರು ಕೂಡಿ ಒಂದೇ ತಾಣವನ್ನು ಸ್ಥಾಪಿಸಿ, ಹಣದ ಮೊದಲ ಪಾಲನ್ನು ವಿನ್ಯಾಸಕ್ಕಲ್ಲ, ಅದನ್ನು ನೋಡಿಕೊಳ್ಳುವ ವ್ಯಕ್ತಿಯ ಸಂಬಳಕ್ಕೆ ಮೀಸಲಿಡಬೇಕು. ಆತನು ವಾರಕ್ಕೊಮ್ಮೆ ಎಲ್ಲರನ್ನೂ ವಿಚಾರಿಸಿ, ಪ್ರತಿ ಪುಟದ ಕೆಳಗೆ ಪರಿಶೀಲಿಸಿದ ದಿನಾಂಕವನ್ನು ನಮೂದಿಸಬೇಕು. ತಾಣ ಸಿದ್ಧವಾದ ಮೇಲೆ ಪರಊರಿನ ನೆಂಟರೊಬ್ಬರ ಕೈಗೆ ಸಾಮಾನ್ಯ ಮೊಬೈಲ್ ಕೊಟ್ಟು, ಬೆಸಗರಹಳ್ಳಿಗೆ ನಾಳೆ ಹೇಗೆ ಹೋಗುವುದು, ಏನು ನೋಡುವುದು, ಎಷ್ಟು ಖರ್ಚು, ಯಾರನ್ನು ಕೇಳುವುದು ಎಂದು ಹುಡುಕಲು ಹೇಳಬೇಕು. ಯಾರ ನೆರವೂ ಇಲ್ಲದೆ ಅವರಿಗೆ ನಾಲ್ಕೂ ಉತ್ತರ ದೊರೆತರೆ ಜಾಲತಾಣ ಸಿದ್ಧವಾಗಿದೆ; ಇಲ್ಲವಾದರೆ ಎಷ್ಟೇ ಅಂದವಾಗಿದ್ದರೂ ಅದು ಹೆದ್ದಾರಿಯ ಕೆಳಗೆ ಉಳಿದ ಮತ್ತೊಂದು ಫಲಕವಷ್ಟೇ.