ಕರೆಂಟು ಶರಾವತಿಯದು, ಚಾರ್ಜರ್‌ಗೆ ಮಾತ್ರ ಕನ್ನಡ ಬಾರದು!



ಎರಡು ವರ್ಷದ ಹಿಂದೆ ಹಳೆಯ ಪೆಟ್ರೋಲ್ ಕಾರು ಮಾರಿ ಕರೆಂಟಿನ ಕಾರು ತಂದೆ. ನಮ್ಮ ಮನೆಯಲ್ಲಿ ಬೇರೆ ಗಾಡಿ ಇಲ್ಲ, ಸ್ಕೂಟರೂ ಇಲ್ಲ. ನೆಂಟರೆಲ್ಲ ನಕ್ಕರು. "ನಡುದಾರೀಲಿ ನಿಂತರೆ ತಳ್ಳೋಕೆ ನಮ್ಮನ್ನ ಕರೀಬೇಡ" ಎಂದರು. ತಳ್ಳುವ ಪ್ರಸಂಗ ಬರಲಿಲ್ಲ. ಆದರೆ ನಡುದಾರಿಯಲ್ಲಿ ನಿಂತದ್ದು ನಿಜ. ಯಾಕೆ ನಿಂತೆ? ಅದನ್ನು ನೀವು ಕೇಳಲೇಬೇಕು.

ಮೊದಲು ಒಳ್ಳೆಯ ಮಾತು. ಬೆಂಗಳೂರಿನೊಳಗೆ ಈ ಕಾರಿನಿಂದ ಕಿಂಚಿತ್ತೂ ತೊಂದರೆಯಿಲ್ಲ. ರಾತ್ರಿ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಬೆಳಗ್ಗೆ ಹೊಟ್ಟೆ ತುಂಬಿರುತ್ತದೆ. ಒಂದು ಯೂನಿಟ್ಟಿಗೆ 6-7 ಕಿ.ಮೀ. ಓಡುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದೇ ಹಿಡಿಯಿರಿ, ಕಿಲೋಮೀಟರಿಗೆ ಬಿದ್ದದ್ದು ಒಂದು ರೂಪಾಯಿ! ನಿಲ್ಲಿಸಲು ಜಾಗ, ಪಕ್ಕದಲ್ಲೊಂದು ಪ್ಲಗ್ಗು ಇಲ್ಲದ ಬಾಡಿಗೆ ಮನೆಯವರಿಗೆ ಇದು ಇಷ್ಟು ಸಲೀಸಲ್ಲ, ಒಪ್ಪುತ್ತೇನೆ.

ಊರು ಬಿಟ್ಟಾಗಲೇ ಪರೀಕ್ಷೆ. ಕಳೆದ ವರ್ಷ ಶಿವಮೊಗ್ಗದಿಂದ ಫೋನ್ ಬಂತು, ಅಮ್ಮನಿಗೆ ಎದೆನೋವು. ಹೆಂಡತಿ, ಮಗನನ್ನು ಕೂರಿಸಿಕೊಂಡು ಹೊರಟೆ. ದಾರಿ ಸುಮಾರು 300 ಕಿ.ಮೀ. ನನ್ನ ಕಾರು ಒಂದೇ ಏಟಿಗೆ ಓಡುವುದು 200. ಅರಸೀಕೆರೆಯ ಹತ್ತಿರ ಚಾರ್ಜರ್ ಇದೆ, ಮುಕ್ಕಾಲು ಗಂಟೆ ನಿಂತರೆ ಸಾಕು ಎಂಬ ಲೆಕ್ಕ.

ಚಾರ್ಜರ್ ಇತ್ತು. ಆ್ಯಪಿನಲ್ಲಿ ದುಡ್ಡೂ ಕಟ್ ಆಯಿತು. ಕರೆಂಟು ಮಾತ್ರ ಹರಿಯಲಿಲ್ಲ! ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅದೇನೋ ಸಂಖ್ಯೆ. ಸಹಾಯವಾಣಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ? ನಂಬರೇ ಇಲ್ಲ ಸ್ವಾಮಿ! ಎರಡು ಒತ್ತಿದೆ, ಆದರೂ ಬಂದದ್ದು ಹಿಂದಿಯೇ. ಆ ಹುಡುಗ ಪಾಪ ಏನೋ ಹೇಳುತ್ತಲೇ ಇದ್ದ, ನನಗೆ ಅರ್ಥವಾಗಲಿಲ್ಲ. ಲೈನು ಕಡಿಯಿತು.

ಕೊನೆಗೆ ಕೈ ಹಿಡಿದವರು ಪಕ್ಕದ ತೆಂಗಿನಕಾಯಿ ಮಂಡಿಯ ಯಜಮಾನರು. "ನಮ್ಮಲ್ಲಿ ದಪ್ಪ ಪ್ಲಗ್ಗು ಐತೆ, ಬನ್ನಿ ಸಾರ್" ಎಂದರು. ಎಳನೀರು ಕೊಟ್ಟರು, ಕಾಸು ಮುಟ್ಟಲಿಲ್ಲ. ಆದರೆ ಆ ಪ್ಲಗ್ಗಿನಲ್ಲಿ ಐದು ಗಂಟೆ ಹಿಡಿಯಿತು. ಅಮ್ಮ ಉಳಿದರು, ಅದು ನಮ್ಮ ಪುಣ್ಯ. ಆ ಐದು ಗಂಟೆ ನಾನು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ.

ವಾಪಸು ಬರುವಾಗ ಅದೇ ಜಾಗದಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ಗುಟ್ಟು ಹೇಳಿದ. ತುರ್ತಿಗೆಂದು ಚಾರ್ಜರಿನ ಮೇಲೊಂದು ಕೆಂಪು ಗುಂಡಿ ಇರುತ್ತದೆ. ಯಾರಾದರೂ ಅದನ್ನು ಒತ್ತಿಬಿಟ್ಟರೆ ಯಂತ್ರ ಬಂದ್. ತಿರುಗಿಸಿದರೆ ಗುಂಡಿ ಮೇಲೇಳುತ್ತದೆ, ಯಂತ್ರ ಮತ್ತೆ ಸಿದ್ಧವಾಗುತ್ತದೆ. ಅಂದು ಆಗಿದ್ದೂ ಅಷ್ಟೇ! "ಕೆಂಪು ಗುಂಡಿ ತಿರುಗಿಸಿ" ಎಂಬ ಮೂರು ಪದ ಕನ್ನಡದಲ್ಲಿ ಬರೆಯದ ತಪ್ಪಿಗೆ ಒಂದು ಸಂಸಾರ ಐದು ಗಂಟೆ ರಸ್ತೆಯಲ್ಲಿ ಕಾಯಬೇಕೇ?

ಇದು ಯಾರ ನಾಡು? 2001ರಲ್ಲೇ ರೇವಾ ಎಂಬ ಕರೆಂಟಿನ ಕಾರು ತಯಾರಾದದ್ದು ಬೆಂಗಳೂರಿನಲ್ಲಿ. ಅದು ಲಂಡನ್ನಿನ ಬೀದಿಯಲ್ಲೂ ಓಡಿತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದು ಕರ್ನಾಟಕ. ಇನ್ನು ಕರೆಂಟು? ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ, ಗದ್ದೆ, ತೋಟ ಮುಳುಗಿಸಿಕೊಂಡವರು ಮಲೆನಾಡಿನ ಕನ್ನಡಿಗರು. ನೆಲ ನಮ್ಮದು, ನೀರು ನಮ್ಮದು, ದುಡ್ಡು ನಮ್ಮದು. ಯಂತ್ರದ ಬಾಯಲ್ಲಿ ಮಾತ್ರ ನಮ್ಮ ಭಾಷೆ ಇಲ್ಲ!

ಕರೆಂಟಿನ ಕಾರು ಬೇಡವೆಂದು ನಾನು ಹೇಳುತ್ತಿಲ್ಲ. ಕೊಳ್ಳಿ, ಧೈರ್ಯವಾಗಿ ಕೊಳ್ಳಿ. ಒಂದೇ ಗಾಡಿಯಲ್ಲಿ ಸಂಸಾರ ನಡೆಯುತ್ತದೆ. ಆದರೆ ಚಾರ್ಜರಿನ ಪರದೆ, ಸೂಚನೆ, ಸಹಾಯವಾಣಿ ಮೂರೂ ಕನ್ನಡದಲ್ಲಿ ಇರಲೇಬೇಕೆಂದು ಕೇಳಿ. ಕನ್ನಡವಿಲ್ಲದ ಚಾರ್ಜರ್ ಕಂಡರೆ ಫೋಟೋ ತೆಗೆದು ಕಂಪನಿಗೂ ವಿದ್ಯುತ್ ಕಂಪನಿಗೂ ಕನ್ನಡದಲ್ಲೇ ದೂರು ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿ ಸೇರುತ್ತದೆ. ಸಾವಿರ ಜನ ಬರೆದರೆ?

ಇಂದೇ ಬರೆಯಿರಿ. ನಾಳೆ ಆ ದಾರಿಯಲ್ಲಿ ಹೋಗುವವರು ನಿಮ್ಮ ಮನೆಯವರೇ ಆಗಿರಬಹುದು.